ಪಟ್ಟಿ ಬಿಡು, ಜೋಡಿ ಹಿಡಿ

ಮಗೂ, ‘ಆಫ್’, ‘ಔಟ್’ನಂಥ ಪುಟ್ಟ ಪದ ಅಂಟಿಸಿಕೊಂಡ ಇಂಗ್ಲಿಷ್ ಕ್ರಿಯಾಪದಗಳು, ಅಂದರೆ ಫ್ರೇಸಲ್ ವರ್ಬ್‌ಗಳು, ತಲೆಗೆ ಹತ್ತುತ್ತಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷೆಯವರನ್ನು ಅತಿಯಾಗಿ ಕಾಡುವುದು ಇವೇ ಎಂದು ಮುನ್ನುಡಿಯಲ್ಲೇ ಬರೆದಿದ್ದಾನೆ. ಕಷ್ಟ ಇರುವುದು ನಿಜ. ಆದರೆ ಎಡಗಡೆ ‘ಟೇಕ್ ಆಫ್’ ಎಂದು ಬರೆದು, ಬಲಗಡೆ ನಾಲ್ಕು ಅರ್ಥ ಗೀಚಿ ಉರು ಹೊಡೆದರೆ ಆ ಕಷ್ಟ ಇಮ್ಮಡಿಯಾಗುತ್ತದೆ. ಪರೀಕ್ಷೆ ಮುಗಿದ ಮರುದಿನ ಒಂದೂ ನೆನಪಿರುವುದಿಲ್ಲ.

ಜೊತೆಗಿರುವ ನಾಮಪದವನ್ನು ನೋಡು. ವಿಮಾನ ಟೇಕ್ ಆಫ್ ಆದರೆ ಮೇಲೇರಿತು. ಶೂ ಆದರೆ ಕಳಚಿಟ್ಟೆ. ವ್ಯಾಪಾರ ಆದರೆ ಕುದುರಿತು. ಒಂದು ದಿನ ಎಂದರೆ ರಜೆ ಹಾಕಿದೆ. ಕನ್ನಡದಲ್ಲೂ ಮಳೆ ಕೈಕೊಡುತ್ತದೆ, ಬೈಕು ಕೈಕೊಡುತ್ತದೆ, ನಂಬಿದವನೂ ಕೈಕೊಡುತ್ತಾನೆ. ಇದನ್ನು ನಿನಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಮಳೆ, ಬೈಕಿನ ಜೊತೆಗೇ ಕಿವಿಗೆ ಬಿತ್ತು, ಉಳಿಯಿತು.

ಎಲ್ಲಾ ನಾಮಪದಕ್ಕೂ ಎಲ್ಲಾ ಕ್ರಿಯಾಪದ ಒಗ್ಗುವುದಿಲ್ಲ. ನಾವು ಒಲೆಯನ್ನೂ ಆರಿಸುತ್ತೇವೆ, ಕಾಡ್ಗಿಚ್ಚನ್ನೂ ಆರಿಸುತ್ತೇವೆ. ಇಂಗ್ಲಿಷಿನಲ್ಲಿ ಗ್ಯಾಸ್ ಒಲೆಗೆ ‘ಟರ್ನ್ ಆಫ್’, ಕಾಡ್ಗಿಚ್ಚಿಗೆ ‘ಪುಟ್ ಔಟ್’. ಸರ್ವೆ, ಪ್ರಯೋಗ, ಆಜ್ಞೆ ಇವಕ್ಕೆ ‘ಕ್ಯಾರಿ ಔಟ್’ ಹೊಂದುತ್ತದೆ. ಹೋಮ್‌ವರ್ಕಿಗೆ ಬರೀ ‘ಡೂ’ ಸಾಕು. ಮೀಟಿಂಗನ್ನು ‘ಪುಟ್ ಆಫ್’ ಮಾಡಿದರೆ ಇನ್ನೊಂದು ದಿನ ನಡೆದೀತು, ‘ಕಾಲ್ ಆಫ್’ ಮಾಡಿದರೆ ರದ್ದು. ಇವೆರಡನ್ನು ಅದಲುಬದಲು ಮಾಡಿ ಮೇಲ್ ಕಳಿಸಿದರೆ ಫಜೀತಿಯೇ.

ನಾಮಪದ ಕೂರುವ ಜಾಗಕ್ಕೂ ಲೆಕ್ಕವಿದೆ. ‘ಕಾಲ್ ಆಫ್ ದ ಮ್ಯಾಚ್’ ಸರಿ, ‘ಕಾಲ್ ದ ಮ್ಯಾಚ್ ಆಫ್’ ಕೂಡ ಸರಿ. ಮ್ಯಾಚಿನ ಬದಲು ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಕಾಲ್ ಇಟ್ ಆಫ್’. ‘ಲುಕ್ ಆಫ್ಟರ್’ ಮಾತ್ರ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ; ‘ಲುಕ್ ಆಫ್ಟರ್ ದೆಮ್’ ಎಂದೇ ಅನ್ನಬೇಕು. ಕೆಲಸದ ಅರ್ಜಿಯ ಕೊನೆಗೆ ‘ಲುಕ್ ಫಾರ್ವರ್ಡ್ ಟು ಹಿಯರ್’ ಎಂದು ಬರೆಯುವವರು ಬಹಳ. ಅಲ್ಲಿ ‘ಟು’ ಆದಮೇಲೆ ನಾಮಪದವೋ, ನಾಮಪದದಂತೆ ನಡೆಯುವ ‘ಹಿಯರಿಂಗ್’ ಎಂಬ ರೂಪವೋ ಬರಬೇಕು. ನಮ್ಮ ಆಫೀಸುಗಳಲ್ಲಿ ಓಡಾಡುವ ‘ಕೋಪ್ ಅಪ್ ವಿತ್’ ಕೂಡ ತಪ್ಪೇ, ಅದರಲ್ಲಿ ‘ಅಪ್’ ಬೇಡ.

ಇನ್ನು ಮೇಲೆ ಬಿಡಿ ಕ್ರಿಯಾಪದ ಬರೆದುಕೊಳ್ಳಬೇಡ, ನಾಮಪದ ಸಮೇತ ಪೂರ್ತಿ ವಾಕ್ಯ ಬರೆದುಕೋ. ಅನುಮಾನ ಬಂದರೆ ಆಕ್ಸ್‌ಫರ್ಡ್‌ನವರ ಕಲೊಕೇಷನ್ಸ್ (ಪದಜೋಡಿಗಳ) ಡಿಕ್ಷನರಿ ತೆರೆದು ನಾಮಪದದ ಕಡೆಯಿಂದ ಹುಡುಕು. ‘ಅಗ್ರಿಮೆಂಟ್’ ಅಂತ ನೋಡಿದರೆ, ಅದನ್ನು ‘ಡ್ರಾ ಅಪ್’ ಮಾಡುತ್ತಾರೆಂದು ಅಲ್ಲೇ ಸಿಗುತ್ತದೆ. ಇಂಗ್ಲಿಷ್ ಪೇಪರಿನ ಆಟದ ಪುಟದಲ್ಲೂ ಇಂಥ ಜೋಡಿಗಳಿಗೆ ಬರವಿಲ್ಲ. ದಿನಕ್ಕೆ ಎರಡು ಸಾಕು. ಆದರೆ ಆ ಎರಡನ್ನೂ ಅವತ್ತೇ ಯಾರ ಹತ್ತಿರವಾದರೂ ಆಡಿಬಿಡು. ತಪ್ಪಿದರೆ ತಿದ್ದುತ್ತಾರೆ, ಸರಿಯಿದ್ದರೆ ಅದು ನಿನ್ನದಾಗುತ್ತದೆ.