ವಿಪತ್ತಿನ ವೇಳೆ ಯಾರ ಸಂಪರ್ಕಕ್ಕೆ ಮೊದಲ ಸರದಿ?
ಅಮೆರಿಕದ ದೂರಸಂಪರ್ಕ ಆದ್ಯತಾ ಪದ್ಧತಿ: ಒಂದು ಅಧ್ಯಯನ

ವ್ಯಾಪಾರೋದ್ಯಮಕ್ಕೆ ಬಂಡವಾಳ, ಸರಕು ಹಾಗೂ ಸಾಗಣೆ ಎಷ್ಟು ಅವಶ್ಯವೋ ದೂರಸಂಪರ್ಕವೂ ಅಷ್ಟೇ ಅವಶ್ಯ. ಗಿರಾಕಿಗಳ ಬೇಡಿಕೆ, ಇ-ವೇ ಬಿಲ್, ಬ್ಯಾಂಕಿನ ಹಣ ವರ್ಗಾವಣೆ ಇವೆಲ್ಲವೂ ಅದನ್ನೇ ಅವಲಂಬಿಸಿವೆ. ಬೆಂಕಿ, ಪ್ರವಾಹ ಅಥವಾ ಭೂಕಂಪದಿಂದ ಸಾವಿರಾರು ಸಂಪರ್ಕಗಳು ಒಮ್ಮೆಲೇ ಕಡಿದುಹೋದರೆ ದುರಸ್ತಿ ಸಿಬ್ಬಂದಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನವು ನಿಯಮಬದ್ಧವಾದ ಉತ್ತರವನ್ನು ರೂಪಿಸಿದೆ. ಅದರ ಸ್ವರೂಪವನ್ನೂ ಅದರಿಂದ ನಮ್ಮ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಕಲಿಯಬೇಕಾದ ಪಾಠವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಸಂದರ್ಭದಲ್ಲಿ ಅಮೆರಿಕ ಸರ್ಕಾರದ ಸಂಪರ್ಕ ವ್ಯವಸ್ಥೆಯ ಕೊರತೆಗಳು ಬೆಳಕಿಗೆ ಬಂದವು. ಇದರ ಫಲವಾಗಿ 1963ರಲ್ಲಿ ಅಧ್ಯಕ್ಷ ಕೆನಡಿಯವರು ರಾಷ್ಟ್ರೀಯ ಸಂಪರ್ಕ ವ್ಯವಸ್ಥೆ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ 1988ರಲ್ಲಿ ಫೆಡರಲ್ ಸಂಪರ್ಕ ಆಯೋಗವು ದೂರಸಂಪರ್ಕ ಸೇವಾ ಆದ್ಯತೆ, ಅಂದರೆ ಟಿಎಸ್‌ಪಿ ಎಂಬ ಪದ್ಧತಿಯ ನಿಯಮಗಳನ್ನು ಅಂಗೀಕರಿಸಿತು. 2012ರಲ್ಲಿ ರಾಷ್ಟ್ರೀಯ ಸಂಪರ್ಕ ವ್ಯವಸ್ಥೆಯು ರದ್ದಾಯಿತು. ಇಂದು ಈ ಪದ್ಧತಿಯ ನಿರ್ವಹಣೆ ಆಂತರಿಕ ಭದ್ರತಾ ಇಲಾಖೆಯ ಅಧೀನದಲ್ಲಿರುವ ಸೈಬರ್ ಭದ್ರತೆ ಮತ್ತು ಮೂಲಸೌಕರ್ಯ ಭದ್ರತಾ ಸಂಸ್ಥೆಗೆ ಸೇರಿದೆ.

ಪದ್ಧತಿಯ ಸ್ವರೂಪ

ಇಲ್ಲಿ ಆದ್ಯತೆ ದೊರೆಯುವುದು ಇಲಾಖೆಗಲ್ಲ, ನಿರ್ದಿಷ್ಟವಾದ ಒಂದೊಂದು ಸಂಪರ್ಕ ಮಾರ್ಗಕ್ಕೆ. ಅರ್ಹವೆನಿಸಿದ ಪ್ರತಿಯೊಂದು ಮಾರ್ಗಕ್ಕೂ ಒಂದು ಸಂಕೇತ ಸಂಖ್ಯೆಯನ್ನೂ 1ರಿಂದ 5ರವರೆಗಿನ ಒಂದು ದರ್ಜೆಯನ್ನೂ ಮುಂಚಿತವಾಗಿಯೇ ನೀಡಲಾಗುತ್ತದೆ. 1 ಅತ್ಯುನ್ನತ ದರ್ಜೆ. ರಾಷ್ಟ್ರದ ನಾಯಕತ್ವದ ಸಂಪರ್ಕಗಳು, ರಕ್ಷಣೆ ಮತ್ತು ಜನರಿಗೆ ನೀಡುವ ಮುನ್ನೆಚ್ಚರಿಕೆ, ಸಾರ್ವಜನಿಕ ಆರೋಗ್ಯ ಮತ್ತು ಶಾಂತಿಪಾಲನೆ, ಜನಹಿತ ಮತ್ತು ರಾಷ್ಟ್ರದ ಆರ್ಥಿಕ ಸ್ಥಿತಿ ಎಂಬ ಕ್ರಮದಲ್ಲಿ ವರ್ಗೀಕರಣ ಮಾಡಲಾಗಿದೆ. ಸೇವಾ ಕಂಪನಿಯು ದರ್ಜೆಯ ಕ್ರಮದಲ್ಲಿಯೇ ದುರಸ್ತಿ ನಡೆಸತಕ್ಕದ್ದು. ದರ್ಜೆ ಪಡೆಯದ ಸಂಪರ್ಕಗಳ ಸರದಿ ಇವೆಲ್ಲವುಗಳ ನಂತರವೇ.

ಖಾಸಗಿ ಸಂಸ್ಥೆಗಳಿಗೂ ಇದರಲ್ಲಿ ಪ್ರವೇಶವುಂಟು. ಆದರೆ ಅವುಗಳ ಅರ್ಜಿಗೆ ಫೆಡರಲ್ ಸರ್ಕಾರದ ಯಾವುದಾದರೊಂದು ಸಂಸ್ಥೆಯ ಶಿಫಾರಸು ಬೇಕು. ಹಣಕಾಸು ವಲಯದ ಪ್ರಮುಖ ಸಂಸ್ಥೆಗಳಿಗೆ ಫೆಡರಲ್ ರಿಸರ್ವ್ ಮಂಡಳಿಯು ಇಂತಹ ಬೆಂಬಲ ನೀಡುತ್ತದೆ. ಸಾಮಾನ್ಯ ಅಂಗಡಿ ಅಥವಾ ಕಾರ್ಖಾನೆಗೆ ಈ ಸೌಲಭ್ಯ ದೊರೆಯುವುದಿಲ್ಲ. ಇನ್ನೊಂದು ಅಂಶವನ್ನೂ ಗಮನಿಸಬೇಕು: ಆದ್ಯತೆಯು ಸರದಿಯನ್ನು ಮಾತ್ರ ಖಚಿತಪಡಿಸುತ್ತದೆ, ಇಷ್ಟು ಗಂಟೆಗಳೊಳಗೆ ಸಂಪರ್ಕ ಮರಳುವುದೆಂಬ ಭರವಸೆಯನ್ನು ಕೊಡುವುದಿಲ್ಲ.

ಎರಡು ನಿದರ್ಶನಗಳು

1988ರ ಮೇ 8ರಂದು ಷಿಕಾಗೋ ಬಳಿಯ ಹಿನ್ಸ್‌ಡೇಲ್‌ನ ದೂರವಾಣಿ ವಿನಿಮಯ ಕೇಂದ್ರಕ್ಕೆ ಬೆಂಕಿ ಬಿದ್ದಿತು. ಸುಮಾರು 35,000 ಸ್ಥಳೀಯ ಚಂದಾದಾರರ ದೂರವಾಣಿಗಳು ಸ್ತಬ್ಧವಾದವು. ಇತರ ಕೇಂದ್ರಗಳ ಮಾರ್ಗಗಳೂ ಅದೇ ಕಟ್ಟಡದ ಮೂಲಕ ಹಾದುಹೋಗುತ್ತಿದ್ದುದರಿಂದ ಹಾನಿಯು ದೂರದವರೆಗೂ ಹಬ್ಬಿತು. ವಿಮಾನ ಸಂಚಾರಕ್ಕೂ ಅಡಚಣೆಯಾಯಿತು. ಸೇವೆ ಪೂರ್ಣವಾಗಿ ಮರಳಲು ವಾರಗಳೇ ಹಿಡಿದವು. ದೂರವಾಣಿಯನ್ನೇ ನಂಬಿ ವ್ಯವಹಾರ ನಡೆಸುತ್ತಿದ್ದ ವರ್ತಕರಿಗೆ ಕಾಯುವುದರ ಹೊರತು ಹೆಚ್ಚಿನ ದಾರಿಯಿರಲಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಪಕ್ಕದಲ್ಲಿದ್ದ ವೆರಿಜಾನ್ ಕಂಪನಿಯ ವೆಸ್ಟ್ ಸ್ಟ್ರೀಟ್ ಕೇಂದ್ರವು ತೀವ್ರವಾಗಿ ಹಾನಿಗೊಂಡಿತು. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟು ಮರಳಿ ಆರಂಭವಾದದ್ದು ಸೆಪ್ಟೆಂಬರ್ 17ರಂದು. ಮುಂಜಾಗ್ರತೆಗೆಂದು ಎರಡು ಕಂಪನಿಗಳಿಂದ ಸಂಪರ್ಕ ಪಡೆದಿದ್ದ ಕೆಲವು ಹಣಕಾಸು ಸಂಸ್ಥೆಗಳಿಗೆ, ಆ ಎರಡೂ ಮಾರ್ಗಗಳು ಒಂದೇ ಕಟ್ಟಡವನ್ನು ಹಾಯ್ದಿದ್ದವೆಂಬ ಸಂಗತಿ ಆಗಲೇ ತಿಳಿದುಬಂದಿತು. ಬಿಲ್ಲು ಎರಡಿದ್ದರೂ ಮಾರ್ಗವು ಒಂದೇ ಆಗಿತ್ತು.

ನಮಗೆ ದೊರೆಯುವ ಪಾಠ

ಭಾರತದ 2023ರ ದೂರಸಂಪರ್ಕ ಅಧಿನಿಯಮದ 20ನೆಯ ಪ್ರಕರಣವೂ ಆದ್ಯತೆಯ ತತ್ತ್ವವನ್ನು ಒಳಗೊಂಡಿದೆ. ಸಾರ್ವಜನಿಕ ತುರ್ತು ಪರಿಸ್ಥಿತಿಯಲ್ಲಿ ಪರಿಹಾರ ಕಾರ್ಯಕ್ಕೆ ಅಧಿಕೃತರಾದ ಬಳಕೆದಾರರ ಸಂದೇಶಗಳನ್ನು ಮೊದಲು ರವಾನಿಸುವಂತೆ ವ್ಯವಸ್ಥೆ ಮಾಡಲು ಅದು ಸರ್ಕಾರಕ್ಕೆ ಅಧಿಕಾರ ನೀಡುತ್ತದೆ. ಇದು ಸಂದೇಶ ರವಾನೆಯ ಆದ್ಯತೆಯೇ ಹೊರತು ಅಮೆರಿಕದಂತೆ ಒಂದೊಂದು ಮಾರ್ಗದ ದುರಸ್ತಿಯ ದರ್ಜೆಯಲ್ಲ. ಆದರೂ ತಾತ್ಪರ್ಯ ಒಂದೇ: ಆಸ್ಪತ್ರೆ, ಅಗ್ನಿಶಾಮಕ ದಳ, ಜಿಲ್ಲಾಡಳಿತಗಳ ಸರದಿ ಮೊದಲು, ವ್ಯಾಪಾರದ್ದು ನಂತರ. ಇದು ನ್ಯಾಯವೂ ಹೌದು. ಆದ್ದರಿಂದ ಕಾಯಬೇಕಾದ ಅವಧಿಯನ್ನು ಸ್ವಂತ ಸಿದ್ಧತೆಯಿಂದಲೇ ದಾಟುವ ಹೊಣೆ ಉದ್ದಿಮೆದಾರರ ಮೇಲಿದೆ. ಈ ದಿಸೆಯಲ್ಲಿ ಕೆಳಗಿನ ಕ್ರಮಗಳು ಉಪಯುಕ್ತ:

1. ಸಂಸ್ಥೆಯ ಸಂಪರ್ಕಗಳನ್ನೆಲ್ಲ ಪಟ್ಟಿಮಾಡಿ, ಯಾವುದು ನಿಂತರೆ ಎಷ್ಟು ಹೊತ್ತಿನಲ್ಲಿ ನಷ್ಟ ಆರಂಭವಾಗುವುದೆಂದು ಗುರುತಿಸಿ ದರ್ಜೆ ನೀಡುವುದು. ಎಲ್ಲಕ್ಕೂ ಮೊದಲ ದರ್ಜೆ ಕೊಟ್ಟರೆ ಪಟ್ಟಿಯೇ ನಿರರ್ಥಕವಾಗುತ್ತದೆ.

2. ಎರಡನೆಯ ಸಂಪರ್ಕ ಪಡೆಯುವಾಗ ಕಂಪನಿಯ ಹೆಸರು ಬೇರೆಯಿದ್ದರೆ ಸಾಲದು. ಕೇಬಲ್ ಯಾವ ರಸ್ತೆಯಲ್ಲಿ, ಯಾವ ಕೇಂದ್ರದ ಮೂಲಕ ಬರುತ್ತದೆಂದು ಲಿಖಿತವಾಗಿ ಕೇಳಬೇಕು. ಒಂದು ನೆಲದಡಿಯ ಕೇಬಲ್, ಇನ್ನೊಂದು ನಿಸ್ತಂತು ಸಂಪರ್ಕ ಇರುವುದು ಲೇಸು.

3. ಪ್ರತಿಯೊಂದು ಸಂಪರ್ಕದ ಗುರುತು ಸಂಖ್ಯೆ, ದೂರು ಸಲ್ಲಿಸುವ ದೂರವಾಣಿ ಸಂಖ್ಯೆ, ಮುಖ್ಯ ಗ್ರಾಹಕರ ಹಾಗೂ ಬ್ಯಾಂಕ್ ಶಾಖೆಯ ವಿವರಗಳನ್ನು ಕಾಗದದ ಮೇಲೂ ಬರೆದಿಡಬೇಕು.

4. ಮೋಡೆಮ್ ಮತ್ತು ಮುಖ್ಯ ಕಂಪ್ಯೂಟರಿಗೆ ಯುಪಿಎಸ್ ಒದಗಿಸಿ, ವರ್ಷಕ್ಕೊಮ್ಮೆಯಾದರೂ ಮುಖ್ಯ ಸಂಪರ್ಕವನ್ನು ಬೇಕೆಂದೇ ನಿಲ್ಲಿಸಿ ಬದಲಿ ವ್ಯವಸ್ಥೆಯನ್ನು ಪರೀಕ್ಷಿಸಬೇಕು.

ಟಿಎಸ್‌ಪಿ ಪದ್ಧತಿಯಲ್ಲಿ ಯಾವ ಮಾರ್ಗ ಮೊದಲು, ಯಾವುದು ನಂತರ ಎಂಬ ತೀರ್ಮಾನ ವಿಪತ್ತಿಗೆ ಮುಂಚೆಯೇ ಕಡತದಲ್ಲಿ ದಾಖಲಾಗಿರುತ್ತದೆ. ಆಪತ್ತಿನ ಗಳಿಗೆಯಲ್ಲಿ ಚರ್ಚೆಗೆ ಆಸ್ಪದವಿರುವುದಿಲ್ಲ. ಹತ್ತು ಜನ ದುಡಿಯುವ ಕಾರ್ಖಾನೆಯೂ ಇಂತಹ ಒಂದು ಪುಟದ ಪಟ್ಟಿಯನ್ನು ಯಾವ ಖರ್ಚೂ ಇಲ್ಲದೆ ಇಂದೇ ಸಿದ್ಧಪಡಿಸಿಕೊಳ್ಳಬಹುದು.