ಜೀಪಿಗೆ ವಿಂಚ್ ಬಂಪರ್: ಮಾಡಿಸುವ ಮುನ್ನ

ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್ ಕಡೆಯ ಎರೆಮಣ್ಣಾಗಲಿ, ನಮ್ಮ ತೋಟದ ಕೆಂಪು ಜೇಡಿಯಾಗಲಿ, ಮಳೆಗಾಲದಲ್ಲಿ ಜೀಪಿನ ಗಾಲಿ ಹಿಡಿದರೆ ಸುಲಭಕ್ಕೆ ಬಿಡದು. ಆಗ ವಿಂಚು ಉಪಕಾರಿ. ಆದರೆ ಅದನ್ನು ಹೊತ್ತ ಬಂಪರು ಕಿತ್ತು ಬಂದರೆ ಜೀವಕ್ಕೇ ಅಪಾಯ. ಗ್ಯಾರೇಜಿನಲ್ಲಿ ಮಾಡಿಸುವ ಬೆಳೆಗಾರರು ಕೆಳಗಿನ ಅಂಶಗಳನ್ನು ಗಮನಿಸಬೇಕೆಂದು ಕೋರುತ್ತೇವೆ.

ಶಕ್ತಿ: ಹೊರೆ ಸಮೇತ ಜೀಪಿನ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚು ಬೇಕು. ತೂಕ 1,800 ಕಿಲೋ ಇದ್ದರೆ 2,700 ಕಿಲೋದ್ದು. ಈ ಅಂಕಿ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ಹಗ್ಗದ ಪದರ ಹೆಚ್ಚಿದಂತೆ ಎಳೆತ ಕುಗ್ಗುತ್ತದೆ. ಮರಕ್ಕೆ ರಾಟೆ ಕಟ್ಟಿ ಹಗ್ಗದ ತುದಿಯನ್ನು ಚಾಸಿಯ ಕೊಕ್ಕೆಗೇ ಮರಳಿ ತಂದರೆ ಎಳೆತ ಸುಮಾರು ಇಮ್ಮಡಿ, ವೇಗ ಅರ್ಧ.

ಜೋಡಣೆ: ಎಳೆತವೆಲ್ಲ ಚಾಸಿಯ ಎರಡೂ ಉದ್ದ ತೊಲೆಗಳಿಗೆ ಹೋಗಬೇಕು, ಕಂಪನಿಯ ತೆಳು ಬಂಪರು ಅದನ್ನು ತಡೆಯದು. ಕನಿಷ್ಠ 6 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟನ್ನು 8.8 ಗುರುತಿನ ಬೋಲ್ಟುಗಳಿಂದ ಎರಡೂ ತೊಲೆಗಳಿಗೆ ಬಿಗಿಸಬೇಕು. ರೇಡಿಯೇಟರಿಗೆ ಗಾಳಿ ಕಟ್ಟಬಾರದು.

ಬಳಕೆ: ಡ್ರಮ್ಮಿನಲ್ಲಿ ಕನಿಷ್ಠ ಐದು ಸುತ್ತು ಹಗ್ಗ ಉಳಿಯಲಿ. ಆಳ ಬೇರಿನ ದೊಡ್ಡ ಮರಕ್ಕೆ ಅಗಲ ಪಟ್ಟಿ ಸುತ್ತಿ ಕಟ್ಟಿರಿ. ಅಡಿಕೆ ಮರಕ್ಕೆ ಬೇಡ. ಬಿಗಿದ ಹಗ್ಗದ ಮೇಲೆ ಒದ್ದೆ ಗೋಣಿ ಹೊದಿಸಿ, ಆಳುಗಳನ್ನು ದೂರ ನಿಲ್ಲಿಸಿ. ತುಂಡಾದ ಉಕ್ಕಿನ ಹಗ್ಗ ಚಾಟಿಯಂತೆ ಬೀಸುತ್ತದೆ.

ಕಾನೂನು: ವಾಹನಗಳ ಮುಂದೆ ಕ್ರಾಶ್ ಗಾರ್ಡ್, ಬುಲ್ ಬಾರ್ ಅಳವಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ. ಆದ್ದರಿಂದ ಕಬ್ಬಿಣ ಕತ್ತರಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಗ್ಯಾರೇಜಿಗೆ ಹೋಗಿರಿ.