ನಿದ್ದೆ, ಕನಸು ಮತ್ತು ಮುಚ್ಚಿದ ಕಣ್ಣಿನ ಓಟ

"ಚಿಂತೆ ಇಲ್ಲದವಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ನಿದ್ದೆ ಅಂದರೇನು ಎಂದು ಕೇಳಿದರೆ "ಏನೈತಿ ಅದರಾಗ, ಸುಮ್ಮ ಮಲ್ಕೊಳ್ಳೂದು" ಅಂತೀವಿ. ಬಟನ್ ಒತ್ತಿದರೆ ಬಲ್ಬು ಆರುವಂತೆ, ಮಲಗಿದರೆ ಮೆದುಳೂ ಆರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇದು ಸರಿಯಲ್ಲ. ಮನುಷ್ಯ ತನ್ನ ಆಯುಷ್ಯದ ಸುಮಾರು ಮೂರರಲ್ಲಿ ಒಂದು ಪಾಲನ್ನು ನಿದ್ದೆಯಲ್ಲಿ ಕಳೆಯುತ್ತಾನೆ. ಅಂದರೆ 60 ವರ್ಷದ ಅಜ್ಜ ಸುಮಾರು 20 ವರ್ಷ ಮಲಗಿಯೇ ಕಳೆದಿದ್ದಾನೆ! ಅಷ್ಟು ಹೊತ್ತು ಮೆದುಳು ಏನು ಮಾಡುತ್ತದೆ? ಗೆಳೆಯರೇ, ಬನ್ನಿ ತಿಳಿಯೋಣ.

ಕಂಡುಹಿಡಿದದ್ದು ಹೇಗೆ?

ನಮ್ಮ ಮೆದುಳಿನಲ್ಲಿ ಸದಾ ಬಹಳ ಸಣ್ಣ ವಿದ್ಯುತ್ ಅಲೆಗಳು ಏಳುತ್ತಿರುತ್ತವೆ. ಜರ್ಮನಿಯ ವೈದ್ಯರಾದ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮೆದುಳಿನ ಅಲೆಗಳನ್ನು ಯಂತ್ರದಿಂದ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು.

ಆಮೇಲೆ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನಥಾನಿಯಲ್ ಕ್ಲೀಟ್‌ಮನ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಯೂಜೀನ್ ಅಸೆರಿನ್‌ಸ್ಕಿ ಎಂಬ ವಿದ್ಯಾರ್ಥಿ ನಿದ್ದೆಯ ಅಭ್ಯಾಸ ನಡೆಸಿದರು. ಅವರು ತಮ್ಮ 8 ವರ್ಷದ ಮಗನನ್ನೇ ಪ್ರಯೋಗಾಲಯದಲ್ಲಿ ಮಲಗಿಸಿ, ಕಣ್ಣಿನ ಹತ್ತಿರ ತಂತಿ ಅಂಟಿಸಿದರು. ನಮ್ಮ ಕಣ್ಣುಗುಡ್ಡೆ ಒಂದು ಸಣ್ಣ ಸೆಲ್ಲಿನ ಹಾಗೆ. ಮುಂಭಾಗ ಧನ, ಹಿಂಭಾಗ ಋಣ. ಕಣ್ಣು ಹೊರಳಿದರೆ ಯಂತ್ರದ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಹುಡುಗ ಗಾಢವಾಗಿ ಮಲಗಿದ್ದಾಗಲೇ ಪೆನ್ನು ಜೋರಾಗಿ ಕುಣಿಯತೊಡಗಿತು. ಯಂತ್ರ ಕೆಟ್ಟಿದೆಯೇನೋ ಎಂದು ಅವರಿಗೆ ಅನುಮಾನ ಬಂತು. ಯಂತ್ರ ಸರಿಯಾಗಿಯೇ ಇತ್ತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತಿತ್ತು!

ಮುಂದೆ ದೊಡ್ಡವರ ಮೇಲೂ ಪ್ರಯೋಗ ನಡೆಯಿತು. ಕಣ್ಣು ಓಡುವಾಗ ಅವರನ್ನು ಎಬ್ಬಿಸಿ 27 ಸಲ ಕೇಳಿದರು. 20 ಸಲ "ಕನಸು ಕಾಣುತ್ತಿದ್ದೆ" ಎಂದು ವಿವರವಾಗಿ ಹೇಳಿದರು. ಕಣ್ಣು ಸುಮ್ಮನಿದ್ದಾಗ ಎಬ್ಬಿಸಿ 23 ಸಲ ಕೇಳಿದರು. 19 ಸಲ ಏನೂ ನೆನಪಿರಲಿಲ್ಲ. ಇದು 1953ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ನಿದ್ದೆಗೆ ರ್‍ಯಾಪಿಡ್ ಐ ಮೂವ್‌ಮೆಂಟ್ ನಿದ್ದೆ, ಚಿಕ್ಕದಾಗಿ ರೆಮ್ ನಿದ್ದೆ ಎಂದು ಹೆಸರು. ಉಳಿದ ನಿದ್ದೆಯಲ್ಲಿ ಕನಸು ಬೀಳುವುದೇ ಇಲ್ಲ ಅಂತಲ್ಲ. ಆದರೆ ಕಥೆಯಂತೆ ಕಣ್ಣಿಗೆ ಕಟ್ಟುವ ಕನಸು ಹೆಚ್ಚಾಗಿ ರೆಮ್ ನಿದ್ದೆಯದು.

ನಮ್ಮ ದೇಶದಲ್ಲಿ ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಸುಷುಪ್ತಿ ಎಂದು ಬಹಳ ಹಿಂದೆಯೇ ಬೇರೆ ಬೇರೆ ಮಾಡಿ ಹೇಳಿತ್ತು. ಯಂತ್ರದಿಂದ ಅಳೆದು ತೋರಿಸಿದ್ದು 20ನೇ ಶತಮಾನದಲ್ಲಿ.

ರಾತ್ರಿಯ ವೇಳಾಪಟ್ಟಿ

ನಮ್ಮ ಶಾಲೆಗೆ ಪೀರಿಯಡ್ ಇದ್ದಂತೆ ನಿದ್ದೆಗೂ ಪೀರಿಯಡ್ ಇವೆ. ಒಂದೊಂದು ಸುಮಾರು 90 ನಿಮಿಷದ್ದು.

1) ಮೊದಲು ಹಗುರ ನಿದ್ದೆ. ಸಣ್ಣ ಸಪ್ಪಳಕ್ಕೂ ಎಚ್ಚರ ಆಗುತ್ತದೆ.
2) ನಂತರ ಗಾಢ ನಿದ್ದೆ. ಮೆದುಳಿನ ಅಲೆಗಳು ನಿಧಾನ, ದೊಡ್ಡವು. ಮಕ್ಕಳ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಆಗಲೇ ಸ್ರವಿಸುತ್ತದೆ.
3) ಕೊನೆಗೆ ರೆಮ್ ನಿದ್ದೆ. ಮೆದುಳಿನ ಅಲೆಗಳು ಎಚ್ಚರ ಇದ್ದವರ ಹಾಗೇ ಕಾಣುತ್ತವೆ.

ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು. ಮೊದಲ ರೆಮ್ ಸುಮಾರು 10 ನಿಮಿಷ ಮಾತ್ರ. ಕೋಳಿ ಕೂಗುವ ಹೊತ್ತಿಗೆ ಅದು ಅರ್ಧ ತಾಸಿನವರೆಗೂ ಬೆಳೆಯುತ್ತದೆ. ಅದಕ್ಕೇ ನಸುಕಿನ ಕನಸು ಚೆನ್ನಾಗಿ ನೆನಪಿರುತ್ತದೆ. ಹುಟ್ಟಿದ ಕೂಸಿನ ನಿದ್ದೆಯಲ್ಲಂತೂ ಸುಮಾರು ಅರ್ಧ ಪಾಲು ರೆಮ್.

ಎದೆಯ ಮೇಲೆ ದೆವ್ವ ಕೂರುತ್ತದೆಯೇ?

ಕನಸಿನಲ್ಲಿ ನಾವು ಓಡುತ್ತೇವೆ, ಬಾವಿಗೆ ಜಿಗಿಯುತ್ತೇವೆ. ಆದರೂ ಹಾಸಿಗೆಯಿಂದ ಏಕೆ ಏಳುವುದಿಲ್ಲ? ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಜುವೆ 1959ರ ಸುಮಾರಿಗೆ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ರೆಮ್ ನಿದ್ದೆಯಲ್ಲಿ ಮೆದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟುಬಿಡುತ್ತದೆ. ಕಣ್ಣಿನ ಸ್ನಾಯು ಮತ್ತು ಉಸಿರಾಟದ ವಪೆ ಮಾತ್ರ ಕೆಲಸ ಮಾಡುತ್ತಿರುತ್ತವೆ. ಇದು ನಮ್ಮ ರಕ್ಷಣೆಗಾಗಿ ಇರುವ ಬೀಗ.

ಕೆಲವು ಸಲ ಮನಸ್ಸು ಮೊದಲು ಎಚ್ಚರಾಗಿ, ಬೀಗ ತಡವಾಗಿ ತೆಗೆಯುತ್ತದೆ. ಆಗ ಕಣ್ಣು ತೆರೆದಿರುತ್ತದೆ, ಆದರೆ ಕೈ ಎತ್ತಲು ಬಾರದು, ಕೂಗಲು ಬಾರದು, ಎದೆ ಬಿಗಿದಂತೆ ಆಗುತ್ತದೆ. ಉಳಿದ ಕನಸು ಕೋಣೆಯೊಳಗೇ ಕಾಣುತ್ತದೆ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ. ನಿದ್ದೆಗೆಟ್ಟವರಿಗೆ, ಹೊತ್ತಲ್ಲದ ಹೊತ್ತಿಗೆ ಮಲಗುವವರಿಗೆ, ಅಂಗಾತ ಮಲಗಿದವರಿಗೆ ಇದು ಹೆಚ್ಚು.

ನಮ್ಮ ಕಡೆ ಇಂಥವರಿಗೇನು ಕೊರತೆ? ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ರಾತ್ರಿ ಕರೆಂಟು ಬಂದಾಗ ಕಬ್ಬಿಗೆ ನೀರು ಹಾಯಿಸುವವರಿದ್ದಾರೆ, ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರಿದ್ದಾರೆ. ನಿಪ್ಪಾಣಿ ಕಡೆ ತಡರಾತ್ರಿವರೆಗೆ ಬೀಡಿ ಕಟ್ಟುವ ತಾಯಂದಿರಿದ್ದಾರೆ. ನನ್ನ ಅಣ್ಣ ಒಂದು ವಾರ ರಾತ್ರಿ ನೀರು ಹಾಯಿಸಿ ಹಗಲು ಮಲಗುತ್ತಿದ್ದ. ಒಂದಿನ ಎದ್ದು "ಎದಿ ಮ್ಯಾಲ ಯಾರೋ ಕುಂತಂಗ ಆತು" ಅಂದ. ಓಣಿಯವರು "ಹೊಲದಾಗಿನ ಗಾಳಿ ಬಡದೈತಿ, ತಾಯತ ಕಟ್ಟಸ್ರಿ" ಅಂದರು. ಅಣ್ಣ ಅಂಜಿ ಎರಡು ದಿನ ಕಣ್ಣೇ ಮುಚ್ಚಲಿಲ್ಲ. ನಿದ್ದೆ ಇನ್ನೂ ಕಡಿಮೆ ಆಗಿ ಮತ್ತೆ ಹಾಗೇ ಆಯಿತು. ನಮ್ಮ ವಿಜ್ಞಾನ ಗುರುಗಳು ರೆಮ್ ನಿದ್ದೆಯ ಬೀಗದ ವಿಷಯ ತಿಳಿಸಿ ಹೇಳಿದ ಮೇಲೆ ಆಯಿ ಅವನನ್ನು ಪಡಸಾಲೆಯಲ್ಲಿ ಕತ್ತಲೆ ಮಾಡಿ, ಮಗ್ಗುಲಾಗಿ ಮಲಗಿಸಿದಳು. ಅವ ಹೊಟ್ಟೆತುಂಬ ನಿದ್ದೆ ಮಾಡಿದ. ಅಂಜಿಕೆ ಹೋಯಿತು. ಮೇಲಿಂದ ಮೇಲೆ ಹೀಗೆ ಆದರೆ, ಅಥವಾ ಕುಂತಲ್ಲಿಯೇ ನಿದ್ದೆ ಬಂದರೆ ಡಾಕ್ಟರಿಗೆ ತೋರಿಸಬೇಕು.

ನಮ್ಮ ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ದೆಯನ್ನು ಅಭ್ಯಾಸ ಮಾಡುವ ಪ್ರಯೋಗಾಲಯ ಇದೆ. ಅಲ್ಲಿ ಮಲಗಿದವರ ತಲೆ, ಕಣ್ಣಂಚು, ಗದ್ದಕ್ಕೆ ತಂತಿ ಅಂಟಿಸಿ ರಾತ್ರಿಯಿಡೀ ದಾಖಲಿಸುತ್ತಾರೆ. ತಂತಿಯಿಂದ ಕರೆಂಟು ಮೈಗೆ ಬರುವುದಿಲ್ಲ, ಮೈಯೊಳಗಿನದನ್ನು ಅಳೆಯುತ್ತಾರೆ ಅಷ್ಟೆ. ಡಾ. ಬಿಂದು ಕುಟ್ಟಿ ಮತ್ತು ಅವರ ಜೊತೆಗಾರರು ವಿಪಶ್ಯನ ಧ್ಯಾನ ಮಾಡುವವರ ನಿದ್ದೆಯನ್ನು ಹೀಗೆ ಅಳೆದು 2006 ಮತ್ತು 2010ರಲ್ಲಿ ಪ್ರಕಟಿಸಿದರು. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುವುದು ರೂಢಿ. ಧ್ಯಾನ ಮಾಡುವವರಲ್ಲಿ ಅದು ಹೆಚ್ಚು ಉಳಿದಿತ್ತು. ಧ್ಯಾನವೊಂದೇ ಕಾರಣವೋ, ಅವರ ಊಟ ಮತ್ತು ದಿನಚರಿಯೂ ಕಾರಣವೋ ಎಂದು ವಿಜ್ಞಾನಿ ಕೇಳಿಕೊಳ್ಳಲೇಬೇಕು.

ಪರೀಕ್ಷೆ ಮತ್ತು ನಿದ್ದೆ

ಹಗಲು ಕಲಿತದ್ದನ್ನು ಮೆದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. 6ರಿಂದ 12 ವರ್ಷದವರಿಗೆ 9ರಿಂದ 12 ತಾಸು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಈಗ ಲೆಕ್ಕ ಮಾಡಿರಿ. ರಾತ್ರಿ 10ಕ್ಕೆ ಮಲಗಿ 6ಕ್ಕೆ ಎದ್ದರೆ ಸುಮಾರು 5 ಪೀರಿಯಡ್ ಆಗುತ್ತವೆ. ಪರೀಕ್ಷೆ ಬಂತೆಂದು 3ಕ್ಕೇ ಎದ್ದರೆ ಕೊನೆಯ ಎರಡು, ಅಂದರೆ ರೆಮ್ ಹೆಚ್ಚು ಇರುವ ಪೀರಿಯಡ್‌ಗಳೇ ಹೋದವು!

ಗುರುಗಳು "ನಸುಕಿನಾಗ ಎದ್ದು ಓದ್ರಿ" ಅನ್ನುತ್ತಾರೆ. ಒಳ್ಳೆಯ ಮಾತು. ಆದರೆ 4:30ಕ್ಕೆ ಏಳುವವರು 8:30ಕ್ಕೆ ಮಲಗಬೇಕು. ಟಿವಿ ಧಾರಾವಾಹಿ, ಮೊಬೈಲು ನೋಡಿ 11ಕ್ಕೆ ಮಲಗಿ 4:30ಕ್ಕೆ ಎದ್ದರೆ ಪುಸ್ತಕ ತೆರೆದಿರುತ್ತದೆ, ತಲೆ ತೂಕಡಿಸುತ್ತಿರುತ್ತದೆ. ಕ್ಲಾಸಿನಲ್ಲಿ ತೂಕಡಿಸುವ ಗೆಳೆಯನಿಗೆ "ಸೋಮಾರಿ" ಅನ್ನುವ ಮೊದಲು "ರಾತ್ರಿ ಎಷ್ಟಕ್ಕ ಮಲ್ಕೊಂಡಿ? ಹೊಲಕ್ಕ ಹೋಗಿದ್ದಿ ಏನು?" ಅಂತ ಕೇಳೋಣ. ಗುರುಗಳಲ್ಲಿಯೂ ಇದೇ ನನ್ನ ವಿನಂತಿ.

ಮಾಡಿ ನೋಡಿರಿ

ತೊಟ್ಟಿಲಲ್ಲಿ ಮಲಗಿದ ಕೂಸಿನ ರೆಪ್ಪೆಯನ್ನು ದೂರದಿಂದ, ಎಬ್ಬಿಸದೆ ನೋಡಿರಿ. ಕಣ್ಣು ಓಡುತ್ತಿದ್ದರೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಿರಿ. ಕಟ್ಟೆಯ ಮೇಲೆ ಮಲಗಿದ ನಾಯಿಯನ್ನೂ ನೋಡಿರಿ. ಕಾಲು, ಮೀಸೆ ಅದುರುತ್ತವೆಯೇ? ಒಂದು ವಾರ ನೀವು ಮಲಗಿದ ಹೊತ್ತು, ಎದ್ದ ಹೊತ್ತು, ನೆನಪಿದ್ದ ಕನಸು ಬರೆದು ತನ್ನಿರಿ. ಮುಂದಿನ ಗೋಡೆ ಪತ್ರಿಕೆಯಲ್ಲಿ ಎಲ್ಲರ ಪಟ್ಟಿ ಅಂಟಿಸೋಣ.